ಮನೆಯಲ್ಲೇ ಕೋವಿಯ ತೋಟೆ (ಕಾರ್ಟ್ರಿಜ್) ತುಂಬಿಸಲು ಯಾವ ಪ್ರೆಸ್ ಯಂತ್ರ ಒಳ್ಳೆಯದು?

ಪೆರ್ಲದ ಅಡಿಕೆ ಕೃಷಿಕ:
ನಮಸ್ಕಾರ. ತಂದೆಯ ಕಾಲದ 12 ಬೋರ್ ಒಂಟಿನಳಿಗೆ ಕೋವಿ ಇದೆ. ಲೈಸೆನ್ಸ್ ನನ್ನ ಹೆಸರಿಗೆ ಆಗಿದೆ. ಈ ಮಳೆಗಾಲ ಹಂದಿಗಳು ಮರಗೆಣಸಿನ ಸಾಲನ್ನೇ ಅಗೆದು ಹಾಕಿದವು, ಅಡಿಕೆ ಸಸಿಯನ್ನೂ ಬಿಡಲಿಲ್ಲ. ನಮ್ಮ ಕೇರಳದಲ್ಲಿ 2022ರಿಂದ ಹಂದಿ ಹೊಡೆಯಲು ಪಂಚಾಯತ್ ಅಧ್ಯಕ್ಷರೇ ಆದೇಶ ಕೊಡಬಹುದಲ್ವಾ, ಹಾಗಾಗಿ ನನ್ನನ್ನೂ ಕರೆಯುತ್ತಾರೆ. ವರ್ಷಕ್ಕೆ ಹದಿನೈದು ತೋಟೆ ಬೇಕು. ಐದೈದು ತರಲು ಪ್ರತಿ ಸಲ ಒಂದು ದಿನ ಹಾಳು. ಖಾಲಿ ತೋಟೆ ಡಬ್ಬದಲ್ಲಿ ತುಂಬಾ ಇವೆ. ಯೂಟ್ಯೂಬಿನಲ್ಲಿ ಪ್ರೊಗ್ರೆಸಿವ್ ಪ್ರೆಸ್ ನೋಡಿದೆ. ಅಂಥದ್ದೇ ಮೆಕ್ ಕಂಪನಿಯ 9000 ತರಿಸಲಾ, ಅದೇ ಕಂಪನಿಯ 600 ಜೂನಿಯರ್ ಸಾಕಾ?

ಮುಳ್ಳೇರಿಯಾ:
ಅಣ್ಣ, ನಾನು ಎಂಟು ವರ್ಷ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದೆ. ಮೆಕ್ ಯಂತ್ರ ತಯಾರಾಗುವುದೂ ಅದೇ ರಾಜ್ಯದಲ್ಲಿ. ಅಲ್ಲಿ ಟ್ರ್ಯಾಪ್ (ಹಾರುವ ಮಣ್ಣಿನ ಬಿಲ್ಲೆಗೆ ಗುಂಡು ಹೊಡೆಯುವ ಆಟ) ಆಡುತ್ತಿದ್ದೆ. ಒಂದು ಸುತ್ತಿಗೆ 25 ತೋಟೆ, ಶನಿವಾರ ನಾಲ್ಕು ಸುತ್ತು. ವಾರಕ್ಕೆ ನೂರು ಬೇಕಾದವನಿಗೆ ಪ್ರೊಗ್ರೆಸಿವ್ ಸರಿ. ಹಳೆ ಕ್ಯಾಪ್ (ಮದ್ದಿಗೆ ಕಿಡಿ ಕೊಡುವ ಭಾಗ) ತೆಗೆಯುವುದು, ಹೊಸ ಕ್ಯಾಪ್, ಮದ್ದು, ವ್ಯಾಡ್ (ಮದ್ದು-ಚರೆಗಳ ನಡುವಿನ ಬಿರಡೆ), ಚರೆ, ಬಾಯಿ ಮಡಚುವುದು, ಇವೆಲ್ಲ ಬೇರೆ ಬೇರೆ ತೋಟೆಯ ಮೇಲೆ ಒಟ್ಟಿಗೇ ನಡೆಯುತ್ತವೆ. ಹಿಡಿ ಒಮ್ಮೆ ಎಳೆದರೆ ಒಂದು ತೋಟೆ ತಯಾರು. 600 ಜೂನಿಯರ್‌ನಲ್ಲಿ ಒಂದೇ ತೋಟೆಯನ್ನು ಕೈಯಿಂದ ಜಾಗ ಬದಲಿಸುತ್ತಾ ಹೋಗಬೇಕು. ನಿಧಾನ, ಆದರೆ ಕಣ್ಣು ಪ್ರತಿ ಹೆಜ್ಜೆಯ ಮೇಲಿರುತ್ತದೆ.

ಪ್ರೊಗ್ರೆಸಿವ್‌ನ ಅಪಾಯ ಆ ವೇಗದಲ್ಲೇ ಇದೆ. ಒಂದು ಸಂಜೆ ಮದ್ದಿನ ಬಾಟಲಿ ಖಾಲಿಯಾದದ್ದು ನನಗೆ ಗೊತ್ತಾಗಲಿಲ್ಲ. ತಪ್ಪು ನನ್ನದೇ. ಮರುದಿನ ಮೈದಾನದಲ್ಲಿ ಮದ್ದಿಲ್ಲದ ಒಂದು ತೋಟೆ ಫುಸ್ ಎಂದಿತು. ಕೋವಿಯ ನಳಿಗೆ ಬಾಗಿಸಿ ತೆರೆದು ಬೆಳಕಿಗೆ ಹಿಡಿದರೆ ವ್ಯಾಡ್ ನಳಿಗೆಯೊಳಗೇ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ನಳಿಗೆ ಒಡೆಯುತ್ತಿತ್ತು, ಎಡಗೈ ಉಳಿಯುತ್ತಿರಲಿಲ್ಲ. ಆಮೇಲೆ ಹತ್ತು ತೋಟೆಗೊಮ್ಮೆ ನಿಲ್ಲಿಸಿ ಬಾಟಲಿ ನೋಡುತ್ತಿದ್ದೆ.

ಹದಿನೈದು ತೋಟೆಗೆ ಎರಡೂ ಬೇಡ ಅಣ್ಣ. ಊರಿಗೆ ಬರುವಾಗ ನಾನೂ ನನ್ನದನ್ನು ಅಲ್ಲೇ ಮಾರಿ ಬಂದೆ.

ಬದಿಯಡ್ಕ ವಕೀಲ:
ಮಾರಿ ಬಂದದ್ದು ಒಳ್ಳೆಯದಾಯಿತು. ನಮ್ಮ 1959ರ ಆರ್ಮ್ಸ್ ಆಕ್ಟ್‌ನಲ್ಲಿ ಮದ್ದುಗುಂಡು ಎಂದರೆ ಅದನ್ನು ಮಾಡುವ ಯಂತ್ರವೂ ಸೇರುತ್ತದೆ. ತಯಾರಿಸಲು 5ನೇ ಸೆಕ್ಷನ್ ಪ್ರಕಾರ ಬೇರೆಯೇ ಲೈಸೆನ್ಸ್ ಬೇಕು. ನಿಮ್ಮದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ಮಾತ್ರ. ಸುಮ್ನೆ ಪ್ರೆಸ್ ತರಿಸಿ ಕೇಸಿಗೆ ಸಿಕ್ಕಿಬೀಳಬೇಡಿ. ಲೈಸೆನ್ಸ್ ಪುಸ್ತಕ ತೆಗೆದು ಒಮ್ಮೆ ನೋಡಿ. ಒಂದು ಸಲಕ್ಕೆ ಎಷ್ಟು ತೋಟೆ ಇಟ್ಟುಕೊಳ್ಳಬಹುದು, ವರ್ಷಕ್ಕೆ ಎಷ್ಟು ಎಂದು ಬರೆದಿರುತ್ತದೆ. ಕಡಿಮೆ ಇದ್ದರೆ ಕಾಸರಗೋಡು ವಿದ್ಯಾನಗರದ ಕಲೆಕ್ಟರೇಟಿಗೆ ಅರ್ಜಿ ಕೊಡಿ.

ಪೆರ್ಲದ ಅಡಿಕೆ ಕೃಷಿಕ:
ಈಗಷ್ಟೇ ಕಪಾಟಿನಿಂದ ತೆಗೆದು ನೋಡಿದೆ. ಒಂದು ಸಲಕ್ಕೆ 25 ಎಂದಿದೆ! ತಂದೆ ಐದು ತರುತ್ತಿದ್ದರು, ನಾನೂ ಅಷ್ಟೇ ತರುತ್ತಿದ್ದೆ. ಸೋಮವಾರ ಹೋಗಿ ಒಂದು ಪೆಟ್ಟಿಗೆ ತರುತ್ತೇನೆ. ಇಬ್ಬರಿಗೂ ತುಂಬಾ ಉಪಕಾರವಾಯಿತು.