ಪದಚರ್ಚೆ: ಟೂರ್ನಿಕೆಟ್‌ಗೆ ‘ತಿರುಪುಕಟ್ಟು’ ಎನ್ನಬಹುದೇ?

ಮಾನ್ಯರೇ,

ಪೊಲೀಸ್ ಕಾರ್ಯಪಡೆಗಳ ಸಿಬ್ಬಂದಿಗೆ, ಗುಂಡಿನ ಚಕಮಕಿ ಇನ್ನೂ ನಿಲ್ಲದಿರುವಾಗಲೇ ಗಾಯಾಳುವಿನ ಜೀವ ಉಳಿಸುವ ಕೆಲಸವನ್ನು ಕಲಿಸುವ ಒಂದು ಕಿರುಪಠ್ಯವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂಲಪಠ್ಯ ಅಮೆರಿಕದ್ದು, ಅಲ್ಲಿ ಈ ತರಬೇತಿಗೆ ‘ಟ್ಯಾಕ್ಟಿಕಲ್ ಎಮರ್ಜೆನ್ಸಿ ಕ್ಯಾಶುವಾಲ್ಟಿ ಕೇರ್’ ಎಂದು ಹೆಸರು. ಈ ನಾಲ್ಕರಲ್ಲಿ ‘ಎಮರ್ಜೆನ್ಸಿ’ಗೆ ‘ತುರ್ತು’ ಎಂಬ ಪದ ಸಿದ್ಧವಾಗಿಯೇ ಇದೆ. ಉಳಿದ ಮೂರು ಪದಗಳೂ, ಅವುಗಳಿಗಿಂತ ಹೆಚ್ಚಾಗಿ ಪಠ್ಯದೊಳಗೆ ಬರುವ ‘ಟೂರ್ನಿಕೆಟ್’ (ರಕ್ತ ನಿಲ್ಲಿಸಲು ಕೈಕಾಲಿಗೆ ಬಿಗಿಯುವ ಪಟ್ಟಿ) ಎಂಬ ಪದವೂ ನನ್ನನ್ನು ಕೆಲವು ವಾರಗಳಿಂದ ಕಾಡುತ್ತಿರುವುದರಿಂದ ನಿಮ್ಮೆಲ್ಲರ ಸಲಹೆ ಕೇಳುತ್ತಿದ್ದೇನೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಈ ವಿಧಾನದ ಬೇರು ಸೇನೆಯಲ್ಲಿದೆ. ಆಸ್ಪತ್ರೆಯಲ್ಲಿ ಸರಿ ಎನಿಸುವ ಚಿಕಿತ್ಸೆಯನ್ನು ಗುಂಡು ಹಾರುತ್ತಿರುವ ಜಾಗದಲ್ಲಿ ಮಾಡಹೊರಟರೆ ಮತ್ತೊಬ್ಬನ ಜೀವವೂ ಹೋದೀತು ಎಂಬ ವಿವೇಚನೆಯಿಂದ ಅಮೆರಿಕದ ನೌಕಾಪಡೆಯ ವೈದ್ಯ ಫ್ರಾಂಕ್ ಬಟ್ಲರ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಲೇಖನವೊಂದು, ಚಿಕಿತ್ಸೆಯನ್ನು ಸನ್ನಿವೇಶಕ್ಕೆ ತಕ್ಕಂತೆ ಮೂರು ಹಂತಗಳಾಗಿ ವಿಂಗಡಿಸಿತು. 1999ರ ಏಪ್ರಿಲ್ 20ರಂದು ಕೊಲರಾಡೊದ ಕೊಲಂಬೈನ್ ಶಾಲೆಯಲ್ಲಿ ಗುಂಡೇಟು ತಿಂದ ಶಿಕ್ಷಕರೊಬ್ಬರು, ಹೊರಗೆ ಪೊಲೀಸರು ಸುತ್ತುವರಿದು ನಿಂತಿದ್ದರೂ, ಗಂಟೆಗಟ್ಟಲೆ ರಕ್ತ ಹರಿದು ತೀರಿಕೊಂಡರು. ಆಂಬುಲೆನ್ಸಿನವರು ಒಳಗೆ ಬರಲಾಗದ ಹೊತ್ತಿನಲ್ಲಿ ಬಂದೂಕು ಹಿಡಿದವರೇ ರಕ್ತವನ್ನೂ ನಿಲ್ಲಿಸಬೇಕು ಎಂಬ ಅರಿವು ಪೊಲೀಸರಲ್ಲಿ ಬೆಳೆದದ್ದು ಇಂಥ ಘಟನೆಗಳಿಂದ. 2011ರ ಜನವರಿಯಲ್ಲಿ ಅರಿಜೋನಾದ ಟೂಸಾನ್‌ನಲ್ಲಿ ಗುಂಡಿನ ದಾಳಿ ನಡೆದಾಗ, ಇಂಥ ತರಬೇತಿ ಪಡೆದಿದ್ದ ಷರೀಫ್ ಕಚೇರಿಯ (ಅಲ್ಲಿನ ಜಿಲ್ಲಾ ಪೊಲೀಸ್) ಸಿಬ್ಬಂದಿ ತಮ್ಮ ಬಳಿಯಿದ್ದ ಚಿಕ್ಕ ಕಿಟ್‌ಗಳಿಂದಲೇ ಉಪಚಾರ ಆರಂಭಿಸಿದ್ದರು.

ಮೊದಲು ‘ಟ್ಯಾಕ್ಟಿಕಲ್’. ಗ್ರೀಕ್ ಮೂಲದಲ್ಲಿ ಇದರ ಅರ್ಥ ಪಡೆಯನ್ನು ಅಣಿಗೊಳಿಸುವ ಕಲೆ. ಹಾಗೆ ನೋಡಿದರೆ ನಮ್ಮ ‘ವ್ಯೂಹ’ವೇ ಇದಕ್ಕೆ ತಕ್ಕ ಜೋಡಿ; ಆದರೆ ‘ವ್ಯೂಹಾತ್ಮಕ’ವನ್ನು ಪತ್ರಿಕೆಗಳು ‘ಸ್ಟ್ರಾಟೆಜಿಕ್’ಗೆ ಬಿಟ್ಟುಕೊಟ್ಟು ಎಷ್ಟೋ ಕಾಲವಾಗಿದೆ. ‘ತಾಂತ್ರಿಕ’ ಎಂದರೆ ಓದುಗರು ಯಂತ್ರವನ್ನೋ ಎಂಜಿನಿಯರನ್ನೋ ನೆನೆಯುತ್ತಾರೆ, ಕೆಲವರು ಮಂತ್ರವಾದಿಯನ್ನೂ ನೆನೆದಾರು. ‘ಯುದ್ಧತಂತ್ರದ’ ಎಂಬುದು ಪೊಲೀಸರಿಗೆ ಸಲ್ಲದು, ಏಕೆಂದರೆ ಅವರು ಮಾಡುವುದು ಯುದ್ಧವಲ್ಲ, ಮಾಡಬಾರದು ಕೂಡ. ಪೊಲೀಸರೂ ವರದಿಗಾರರೂ ದಿನನಿತ್ಯ ಬಳಸುವ ‘ಕಾರ್ಯಾಚರಣೆ’ ಎಂಬ ಪದವನ್ನೇ ಹಿಡಿದು ನಾನು ‘ಕಾರ್ಯಾಚರಣೆ ವೇಳೆಯ ತುರ್ತು ಉಪಚಾರ’ ಎಂದು ಬರೆದುಕೊಂಡಿದ್ದೇನೆ. ಇದು ‘ಆಪರೇಷನಲ್’ ಆಯಿತೇ ಹೊರತು ‘ಟ್ಯಾಕ್ಟಿಕಲ್’ ಆಗಲಿಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ. ಆದರೂ ಕಲಿಯುವವನಿಗೆ ಒಡನೆ ಅರ್ಥವಾಗುವುದು ಇದೇ ಎಂಬುದು ನನ್ನ ಅನಿಸಿಕೆ.

‘ಕೇರ್’ಗೆ ‘ಆರೈಕೆ’ ಹೊಂದಲಿಲ್ಲ. ಬಾಣಂತಿಯ ಆರೈಕೆಯ ಬಿಸುಪು ಆ ಪದದಲ್ಲಿದೆ, ಇಲ್ಲಿ ಬೇಕಿರುವುದು ನಿಮಿಷಗಳಲ್ಲಿ ಮುಗಿಯುವ ಕೆಲಸ. ‘ಕ್ಯಾಶುವಾಲ್ಟಿ’ ಎಂಬುದು ನಮ್ಮಲ್ಲಿ ಆಸ್ಪತ್ರೆಯ ವಿಭಾಗದ ಹೆಸರಾಗಿ ನಿಂತಿದೆ. ಪತ್ರಿಕೆಯ ‘ಸಾವುನೋವು’ ಸತ್ತವರನ್ನೂ ಒಳಗೊಳ್ಳುತ್ತದೆ. ‘ಗಾಯಾಳು’ ಸಾಕು.

ಹಂತಗಳ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು. ಪೊಲೀಸ್ ಮತ್ತು ನಾಗರಿಕ ಬಳಕೆಯ ಆವೃತ್ತಿಯಲ್ಲಿ ಅವು ಡೈರೆಕ್ಟ್ ಥ್ರೆಟ್, ಇನ್‌ಡೈರೆಕ್ಟ್ ಥ್ರೆಟ್ ಮತ್ತು ಇವ್ಯಾಕ್ಯುಯೇಷನ್ ಎಂದಿವೆ. ನಿಘಂಟನ್ನು ನಂಬಿ ಮೊದಲ ಕರಡಿನಲ್ಲಿ ‘ಪರೋಕ್ಷ ಬೆದರಿಕೆ’ ಎಂದು ಬರೆದಿದ್ದೆ. ಅದನ್ನು ಓದಿದ ಗೆಳೆಯರೊಬ್ಬರು, ಇದೇನು ರಾಜಕಾರಣಿಯ ಹೇಳಿಕೆಯೇ ಎಂದು ನಕ್ಕರು. ಅವರು ನಕ್ಕದ್ದು ಸರಿಯಾಗಿತ್ತು: ಕನ್ನಡದಲ್ಲಿ ಬೆದರಿಕೆ ಎಂಬುದು ಒಬ್ಬರು ಇನ್ನೊಬ್ಬರಿಗೆ ಒಡ್ಡುವಂಥದ್ದು, ಹೆಚ್ಚಾಗಿ ಬಾಯಿಮಾತಿನದು, ಗೋಡೆಯಾಚೆ ಬಂದೂಕು ಹಿಡಿದು ನಿಂತವನಿಂದ ಬರುವುದು ಅಪಾಯ. ಈಗ ಮೂರು ಹಂತಗಳನ್ನು ‘ಅಪಾಯದೆದುರು’, ‘ಅಪಾಯದ ಬಳಿ’, ‘ಅಪಾಯದಾಚೆಗೆ’ ಎಂದು ಕರೆದಿದ್ದೇನೆ. ಮೂರನೆಯದರಲ್ಲಿ ಗಾಯಾಳುವನ್ನು ಸಾಗಿಸುವ ಭಾವ ‘-ಗೆ’ ಪ್ರತ್ಯಯದಿಂದ ಮಾತ್ರ ಬರುತ್ತಿದೆ. ಅಷ್ಟು ಸಾಕೇ ಎಂಬ ಅನುಮಾನ ನನಗಿದೆ.

ಇನ್ನು ಮುಖ್ಯ ಪ್ರಶ್ನೆ. ಕೈ ಅಥವಾ ಕಾಲಿನಿಂದ ರಕ್ತ ಚಿಮ್ಮುತ್ತಿರುವಾಗ ಸುತ್ತಿ, ಒಂದು ಕಡ್ಡಿಯನ್ನು ತಿರುಚಿ, ರಕ್ತ ನಿಲ್ಲುವವರೆಗೆ ಬಿಗಿಯುವ ಪಟ್ಟಿಯೇ ಟೂರ್ನಿಕೆಟ್. ಅಪಾಯದೆದುರು ಮಾಡಬಹುದಾದ ಚಿಕಿತ್ಸೆ ಹೆಚ್ಚುಕಡಿಮೆ ಇದೊಂದೇ ಆದ್ದರಿಂದ ಪಠ್ಯದಲ್ಲಿ ಈ ಪದ ಪುಟಪುಟಕ್ಕೂ ಬರುತ್ತದೆ. ಹಾಗೆಯೇ ಉಳಿಸಿಕೊಳ್ಳೋಣವೆಂದರೆ ಟೂರ್ನಿಕೆಟ್, ಟರ್ನಿಕೆಟ್, ಟೂರ್ನಿಕೆ ಎಂದು ವೈದ್ಯರ ನಾಲಿಗೆಯಲ್ಲೇ ಮೂರು ರೂಪಗಳಿವೆ. ‘ರಕ್ತಬಂಧ’ ಎಂದರೆ ಯಾವುದೋ ರೋಗದ ಹೆಸರಿನಂತೆ ಕೇಳಿಸುತ್ತದೆ. ‘ಕಟ್ಟು’ ಎಂದಷ್ಟೇ ಹೇಳಿದರೆ ಎರಡು ಗೊಂದಲಗಳಿವೆ. ಒಂದು, ಮೂಳೆ ಮುರಿದಾಗ ಹಾಕುವ ಪುತ್ತೂರು ಕಟ್ಟಿನಂಥ ಕಟ್ಟು ನೆನಪಾಗುತ್ತದೆ. ಇನ್ನೊಂದು ಹೆಚ್ಚು ಗಂಭೀರ: ಹಾವು ಕಚ್ಚಿದಾಗ ಹಗ್ಗದಿಂದ ಬಿಗಿದು ಕಟ್ಟುವ ರೂಢಿ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ, ಹಾಗೆ ಕಟ್ಟಬಾರದೆಂದು ಇಂದಿನ ವೈದ್ಯರು ತಿದ್ದುತ್ತಲೇ ಇದ್ದಾರೆ. ಕಾಡಿನಂಚಿನಲ್ಲಿ ಕೆಲಸ ಮಾಡುವ ಪೊಲೀಸನಿಗೆ ಎರಡೂ ಸಂದರ್ಭಗಳು ಎದುರಾಗಬಹುದು. ಒಂದೇ ಪದದಿಂದ ಒಂದು ಕಡೆ ‘ಕಟ್ಟು’ ಎಂದೂ ಇನ್ನೊಂದು ಕಡೆ ‘ಕಟ್ಟಬೇಡ’ ಎಂದೂ ಹೇಳುವುದು ಅಪಾಯಕಾರಿ.

ಆದ್ದರಿಂದ ‘ತಿರುಪುಕಟ್ಟು’ ಎಂಬುದನ್ನು ಮುಂದಿಡುತ್ತಿದ್ದೇನೆ. ಓಲೆಯ ತಿರುಪು, ತಿರುಪುಮೊಳೆ ಇವು ಎಲ್ಲರಿಗೂ ಗೊತ್ತು. ಫ್ರೆಂಚ್ ಪದದ ಹಿಂದೆಯೂ ‘ತಿರುಗಿಸು’ ಎಂಬ ಅರ್ಥದ ಕ್ರಿಯಾಪದವೇ ಇದೆ. ಸಾಧನದ ಚರಿತ್ರೆಯೂ ಈ ಪದದ ಪರವಾಗಿದೆ: 1674ರಲ್ಲಿ ಬೆಸಾನ್ಸೋನ್ ಮುತ್ತಿಗೆಯ ವೇಳೆ ಮೋರೆಲ್ ಎಂಬ ಶಸ್ತ್ರವೈದ್ಯ ಕಟ್ಟಿನೊಳಗೆ ಕೋಲು ತೂರಿಸಿ ತಿರುಚಿದ, 1718ರಲ್ಲಿ ಪ್ಯಾರಿಸ್ಸಿನ ಝಾನ್ ಲೂಯಿ ಪೆಟಿ ಕೋಲಿನ ಬದಲು ತಿರುಪನ್ನೇ ಅಳವಡಿಸಿದ, ಇಂದಿನ ಪೊಲೀಸರ ಬೆಲ್ಟಿನಲ್ಲಿರುವ ಪಟ್ಟಿ ಮತ್ತೆ ಕಡ್ಡಿಗೆ ಮರಳಿದೆ. ‘ತಿರುಪೆ’ಯ ನೆನಪು ಬಂದು ಯಾರಾದರೂ ನಕ್ಕರೆ ನಗಲಿ.

ಇದರ ಜೊತೆಗೇ ಒಂದು ವಿಭಕ್ತಿಯ ಸಮಸ್ಯೆಯೂ ಇದೆ. ಕಟ್ಟನ್ನು ಗಾಯಕ್ಕಿಂತ ಎರಡು-ಮೂರು ಇಂಚು ಮೇಲೆ, ಕೀಲನ್ನು ಬಿಟ್ಟು ಹಾಕಬೇಕು ಎಂಬುದು ಸೂಚನೆ. ಕನ್ನಡದಲ್ಲಿ ‘ಗಾಯದ ಮೇಲೆ ಕಟ್ಟು’ ಎಂದರೆ ಗಾಯವನ್ನು ಮುಚ್ಚಿ ಕಟ್ಟು ಎಂದೇ ಯಾರೂ ತಿಳಿಯುತ್ತಾರೆ. ‘ಗಾಯಕ್ಕಿಂತ ಮೇಲೆ’ ಎಂದು ತಿದ್ದಿದರೂ, ಗಾಯಾಳು ನೆಲದ ಮೇಲೆ ಬಿದ್ದಿರುವಾಗ ಮೇಲೆ ಯಾವುದು, ಕೆಳಗೆ ಯಾವುದು? ‘ಗಾಯಕ್ಕೂ ಮುಂಡಕ್ಕೂ ನಡುವೆ’ ಎಂದು ಬರೆದು ಈ ತೊಡಕಿನಿಂದ ಪಾರಾಗಿದ್ದೇನೆ. ಗಾಯ ಎಲ್ಲಿದೆ ಎಂದು ಹುಡುಕಲೂ ಹೊತ್ತಿಲ್ಲದಾಗ ಬಟ್ಟೆಯ ಮೇಲೆಯೇ, ಕೈಕಾಲಿನ ತೀರಾ ಮೇಲ್ಭಾಗಕ್ಕೆ ಬಿಗಿಯಬೇಕು. ಇಂಗ್ಲಿಷಿನವರು ಅದನ್ನು ‘ಹೈ ಆಂಡ್ ಟೈಟ್’ ಎಂದು ಕೂಗಿ ಕಲಿಸುತ್ತಾರೆ. ನಮ್ಮಲ್ಲಿ ತೊಡೆಯ ಆ ಭಾಗಕ್ಕೆ ತೊಡೆಯ ಬುಡ ಎನ್ನುವುದರಿಂದ ‘ಬುಡಕ್ಕೆ ಬಿಗಿ’ ಎಂದು ಮಾಡಿದ್ದೇನೆ. ಇಂಗ್ಲಿಷಿನ ಎತ್ತರ ಕನ್ನಡದಲ್ಲಿ ಬುಡವಾದದ್ದು ವಿಚಿತ್ರ, ಆದರೆ ಗದ್ದಲದ ನಡುವೆ ಕೂಗಲು ಇದು ಒದಗುತ್ತದೆ.

ರಕ್ತದ ವಿಷಯದಲ್ಲಿ ಮಾತ್ರ ಕನ್ನಡ ಕೈಬಿಡಲಿಲ್ಲ. ‘ತೀವ್ರ ರಕ್ತಸ್ರಾವ’ ಎಂದು ಹೇಳಿ ಪೊಲೀಸನ ಕಣ್ಣಿಗೆ ಏನನ್ನೂ ತೋರಿಸಲಾಗದು. ಚಿಮ್ಮುವುದು, ಸುರಿಯುವುದು, ಜಿನುಗುವುದು ಎಂದರೆ ಅಪಧಮನಿ, ಅಭಿಧಮನಿ, ಲೋಮನಾಳಗಳ ಪಾಠವೇ ಬೇಡ. ಆಳವಾದ ಗಾಯಕ್ಕೆ ಗಾಜ್ ಬಟ್ಟೆಯನ್ನು ಒತ್ತಿ ಸೇರಿಸುವುದಕ್ಕೆ ‘ಗಿಡಿ’ ಎಂಬ ಕ್ರಿಯಾಪದ ಹೊಂದುತ್ತದೆ, ಆದರೆ ಅದು ಎಲ್ಲ ಜಿಲ್ಲೆಗಳವರಿಗೂ ತಿಳಿಯುವುದೇ ಎಂಬುದನ್ನು ನೀವೇ ಹೇಳಬೇಕು. ತಿಳಿಯದಿದ್ದರೆ ‘ತುರುಕು’ ಎಂದು ಹಾಕುತ್ತೇನೆ.

ಕೊನೆಯದಾಗಿ, ತಿರುಪುಕಟ್ಟಿನ ಆ ಕಡ್ಡಿಗೆ ಹೆಸರು ಬೇಕಾಗಿದೆ. ‘ತಿರುಚುಕಡ್ಡಿ’ ಎಂಬುದು ನಾನೇ ಮಾಡಿಕೊಂಡದ್ದು. ಗಾಡಿಯ ಮೇಲೆ ಹೇರಿದ ಹುಲ್ಲು ಜಾರದಂತೆ ಹಗ್ಗಕ್ಕೆ ಅಡ್ಡಲಾಗಿ ಒಂದು ಕೋಲು ಕೊಟ್ಟು, ತಿರುಚಿ, ತುದಿಯನ್ನು ಸಿಕ್ಕಿಸಿಬಿಡುವ ವಿಧಾನವೂ ಇದೇ ಕ್ರಮದ್ದು. ಆ ಕೋಲಿಗೆ, ಅಥವಾ ಹಾಗೆ ತಿರುಚಿ ಬಿಗಿಯುವ ಕ್ರಿಯೆಗೆ, ನಿಮ್ಮ ಊರಿನ ಒಕ್ಕಲಿನವರಲ್ಲಿ ಬೇರೆ ಪದವೇನಾದರೂ ಇದೆಯೇ? ಇದ್ದರೆ ಯಾವ ತಾಲ್ಲೂಕಿನದು ಎಂಬುದನ್ನೂ ಸೇರಿಸಿ ದಯವಿಟ್ಟು ತಿಳಿಸಿ.