‘ಕಸಿ’ ಅಂದರೆ ಆಪರೇಷನ್ನೋ, ಕೂರಿಸಿದ ಅಂಗವೋ?

ಗೆಳೆಯರೇ,

ಶ್ವಾಸಕೋಶ ಕಸಿಯ ಸಂಶೋಧನೆಯಲ್ಲಿ ಬೇರೆ ಬೇರೆ ದೇಶಗಳ ತಂಡಗಳು ಹೇಗೆ ಕೂಡಿ ಕೆಲಸ ಮಾಡುತ್ತವೆ ಅಂತ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮೊದಲನೆಯದು ‘ಕಸಿ’. ಇಂಗ್ಲಿಷಿನಲ್ಲಿ ಟ್ರಾನ್ಸ್‌ಪ್ಲಾಂಟ್ ಬೇರೆ, ಗ್ರಾಫ್ಟ್ ಬೇರೆ. ಒಬ್ಬರಿಂದ ತೆಗೆದು ಇನ್ನೊಬ್ಬರಿಗೆ ಕೂರಿಸುವ ಇಡೀ ಕೆಲಸ ಟ್ರಾನ್ಸ್‌ಪ್ಲಾಂಟ್, ಹಾಗೆ ಕೂರಿಸಿದ ಅಂಗ ಗ್ರಾಫ್ಟ್. ನಾವು ಎರಡಕ್ಕೂ ಕಸಿ ಅನ್ನುತ್ತೇವೆ. ‘1983ರಲ್ಲಿ ಟೊರಾಂಟೊದಲ್ಲಿ ಶಸ್ತ್ರವೈದ್ಯ ಜೋಯೆಲ್ ಕೂಪರ್ ತಂಡ ಮಾಡಿದ ಕಸಿ ಯಶಸ್ವಿಯಾಯಿತು’ ಅಂದರೆ ಯಾರಿಗೂ ಗೊಂದಲವಿಲ್ಲ. ಆದರೆ ‘ಪ್ರೈಮರಿ ಗ್ರಾಫ್ಟ್ ಡಿಸ್‌ಫಂಕ್ಷನ್’ ಅನ್ನುವುದನ್ನು ನಾನು ‘ಪ್ರಾಥಮಿಕ ಕಸಿ ವೈಫಲ್ಯ’ ಅಂತ ಬರೆದೆ, ಅದನ್ನು ಓದಿದ ಗೆಳತಿ ‘ಅಯ್ಯೋ, ಆಪರೇಷನ್ ಕೆಟ್ಟುಹೋಯಿತಾ?’ ಅಂದಳು. ಹಾಗಲ್ಲ. ಆಪರೇಷನ್ ಚೆನ್ನಾಗೇ ಆಗಿರಬಹುದು. ಮೊದಲ 72 ಗಂಟೆಯೊಳಗೆ ಹೊಸ ಶ್ವಾಸಕೋಶದಲ್ಲಿ ನೀರು ತುಂಬಿ, ರಕ್ತಕ್ಕೆ ಆಮ್ಲಜನಕ ಸರಿಯಾಗಿ ಸೇರದೆ ಇರುವುದಕ್ಕೆ ಆ ಹೆಸರು. ಎಷ್ಟೋ ಜನ ಚೇತರಿಸಿಕೊಳ್ಳುತ್ತಾರೆ, ಹಾಗಾಗಿ ‘ವೈಫಲ್ಯ’ವೂ ಜಾಸ್ತಿಯಾಯಿತು.

ಇದು ಸುಮ್ನೆ ಪದದ ಹಟ ಅಲ್ಲ. ಈ ತೊಂದರೆಯನ್ನು ಅಳೆಯುವ ರೀತಿ ತಂಡಕ್ಕೊಂದಾದರೆ ಒಬ್ಬರ ಲೆಕ್ಕವನ್ನು ಇನ್ನೊಬ್ಬರ ಲೆಕ್ಕಕ್ಕೆ ಸೇರಿಸಲು ಆಗುವುದಿಲ್ಲ. ಅದಕ್ಕೇ ಹೃದಯ ಮತ್ತು ಶ್ವಾಸಕೋಶ ಕಸಿಯ ಅಂತರರಾಷ್ಟ್ರೀಯ ಸಂಘ 2005ರಲ್ಲಿ ಇದಕ್ಕೆ 0ಯಿಂದ 3ರವರೆಗೆ ದರ್ಜೆ ಗೊತ್ತುಮಾಡಿತು (3 ಅಂದರೆ ತುಂಬಾ ತೀವ್ರ), 2016ರಲ್ಲಿ ಅದನ್ನು ತಿದ್ದಿತು. ದರ್ಜೆ ಹಾಕುವುದು ಹೀಗೆ. ರಕ್ತದಲ್ಲಿನ ಆಮ್ಲಜನಕದ ಒತ್ತಡ 80, ರೋಗಿಗೆ ಕೊಡುತ್ತಿರುವ ಗಾಳಿಯಲ್ಲಿ ಅರ್ಧ ಪಾಲು ಆಮ್ಲಜನಕ ಅಂದುಕೊಳ್ಳಿ. 80ನ್ನು 0.5ರಿಂದ ಭಾಗಿಸಿದರೆ 160. ಇದು 200ಕ್ಕಿಂತ ಕಡಿಮೆ, ಎಕ್ಸ್‌ರೇಯಲ್ಲೂ ಹೊಸ ಶ್ವಾಸಕೋಶ ಮಬ್ಬಾಗಿ ಕಂಡರೆ 3ನೇ ದರ್ಜೆ. ಯಾವ ಊರಿನ ತಂಡ ನೋಡಿದರೂ ಅದೇ ಉತ್ತರ ಬರಬೇಕು. ಇಷ್ಟು ಕಟ್ಟುನಿಟ್ಟಾದ ಮಾತಿಗೆ ನಮ್ಮ ಪದ ಸಡಿಲವಾದರೆ ಹೇಗೆ?

ಹೊಲದ ಮಾತಿನಲ್ಲಿ ನಮಗೆ ಎರಡು ಪದ ಇದ್ದೇ ಇವೆ. ಸಸಿ ಕಿತ್ತು ಬೇರೆ ಕಡೆ ನೆಟ್ಟರೆ ನಾಟಿ, ಒಂದು ಗಿಡದ ರೆಂಬೆಯನ್ನು ಇನ್ನೊಂದಕ್ಕೆ ಬೆಸೆದರೆ ಕಸಿ. ಆ ಲೆಕ್ಕದಲ್ಲಿ ಟ್ರಾನ್ಸ್‌ಪ್ಲಾಂಟ್‌ಗೆ ನಾಟಿಯೇ ಸರಿ. ಆದರೆ ‘ಶ್ವಾಸಕೋಶ ನಾಟಿ’ ಅಂದರೆ ಏನೋ ನಾಟಿ ಮದ್ದಿನ ಹಾಗೆ ಕೇಳುತ್ತದೆ, ಅಲ್ವಾ? (ಕಸಿಯೇನು ಕಡಿಮೆಯಿಲ್ಲ, ಕಸಿದುಕೊಂಡಿದ್ದು ಅಂತಲೂ ಕೇಳಿಸಬಹುದು!) ಸದ್ಯಕ್ಕೆ ಆಪರೇಷನ್‌ಗೆ ‘ಕಸಿ’, ಅಂಗಕ್ಕೆ ‘ಕಸಿಯಂಗ’ ಅಂತ ಇಟ್ಟುಕೊಂಡು, ಆ ತೊಂದರೆಯನ್ನು ‘ಕಸಿಯಂಗದ ಮೊದಲ ಹಂತದ ತೊಡಕು’ ಅಂದಿದ್ದೇನೆ. ಉದ್ದವಾಯಿತು, ಗೊತ್ತು.

ಎರಡನೆಯದು ಕೊಲಾಬರೇಷನ್. ‘ಸಹಯೋಗ’ ಅಂದ ಕೂಡಲೇ ಆಮಂತ್ರಣ ಪತ್ರಿಕೆಯ ‘ಇವರ ಸಹಯೋಗದೊಂದಿಗೆ’ ನೆನಪಾಗುತ್ತದೆ, ಅಲ್ಲಿ ಒಬ್ಬರು ಕೆಲಸ ಮಾಡುತ್ತಾರೆ, ಇನ್ನೊಬ್ಬರ ಹೆಸರು ಇರುತ್ತದೆ. ‘ಸಹಕಾರ’ ಸಂಘಕ್ಕೆ ಹೋಯಿತು, ‘ಜಂಟಿ’ ಖಾತೆಗೆ ಹೋಯಿತು. ಇಲ್ಲಿ ಎಲ್ಲ ತಂಡಗಳೂ ತಮ್ಮ ತಮ್ಮ ರೋಗಿಗಳ ಮಾಹಿತಿಯನ್ನು ಒಂದೇ ನಮೂನೆಯಲ್ಲಿ ಬರೆದು ಒಂದೇ ಕಡೆ ಸೇರಿಸುತ್ತವೆ. ‘ಕೂಡುಸಂಶೋಧನೆ’ ಅಂದರೆ ನಡೆಯುತ್ತದೆಯೇ? ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ್ದಕ್ಕೆ ಬೈಯುವವರು ಬೈಯಬಹುದು, ಆದರೆ ಬೈಯುವಾಗ ಬದಲಿ ಪದವನ್ನೂ ಕೊಡಿ.