ಸರ್ವೆಯಲ್ಲಿ 'ವೆಲ್ ಡ್ರೇನ್ಡ್' ಅಂತಿದೆ, ಆದರೆ ಗಿಡದ ಗುಂಡಿಯಲ್ಲಿ ನೀರು ಇಂಗುತ್ತಲೇ ಇಲ್ಲ (ಕ್ಯೂನಾ, ಐಡಾಹೊ)

ಕ್ಯೂನಾತೋಟ:

ಎಲ್ಲರಿಗೂ ನಮಸ್ಕಾರ. ನಾವಿರೋದು ಐಡಾಹೊದಲ್ಲಿ, ಬಾಯ್ಸಿ ಹತ್ತಿರದ ಕ್ಯೂನಾದಿಂದ ಸ್ವಲ್ಪ ದಕ್ಷಿಣಕ್ಕೆ. ಐದು ಎಕರೆ ಜಾಗ. ಹಿಂದೆ ಪೂರ್ತಿ ಸೇಜ್‌ಬ್ರಷ್ (ಇಲ್ಲಿಯ ಒಣ ನೆಲದ ಪೊದೆ) ಇದ್ದ ಮೇವಿನ ಬಯಲು, ಈಗ ಅರ್ಧಕ್ಕಿಂತ ಜಾಸ್ತಿ ಬರೀ ಚೀಟ್‌ಗ್ರಾಸ್ ಅನ್ನೋ ಕಳೆ ಹುಲ್ಲು. ಮುಂದಿನ ಒಂದು ಎಕರೆಗೆ ಕಾಲುವೆ ನೀರು ಸಿಗುತ್ತೆ, ಅಲ್ಲಿ ಸೇಬು, ಏಪ್ರಿಕಾಟ್ ಹಾಕಿದ್ದೇವೆ. ಹಿಂದಿನ ನಾಲ್ಕು ಎಕರೆಯಲ್ಲಿ ಮುಂದೆ ಆಡು ಮೇಯಿಸಬೇಕು ಅಂತ ಆಸೆ.

ಗಿಡಗಳು ಸೊರಗುತ್ತಿವೆ. ಎಲೆ ಹಳದಿ, ನರ ಮಾತ್ರ ಹಸಿರು. ನೀರು ಸಾಲದೇನೋ ಅಂತ ಜಾಸ್ತಿ ಬಿಟ್ಟರೆ ಇನ್ನೂ ಹದಗೆಡುತ್ತೆ. ಸತ್ತ ಒಂದು ಗಿಡ ಕಿತ್ತು ನೋಡಿದೆ: ಬೇರು ಕಪ್ಪಗಾಗಿ ಕೊಳೆತ ವಾಸನೆ, ಗುಂಡಿಯ ತಳದಲ್ಲಿ ನೀರು. ಸುಮಾರು 14 ಇಂಚು ಅಗೆದ ಮೇಲೆ ಹಾರೆ ಟಣ್ ಅಂತ ಎಗರುತ್ತೆ, ಕೆಳಗೆ ಬೆಳ್ಳಗಿನ ಗಟ್ಟಿ ಪದರ. ವೆಬ್ ಸಾಯಿಲ್ ಸರ್ವೆಯಲ್ಲಿ (ಸರ್ಕಾರದ ಆನ್‌ಲೈನ್ ಮಣ್ಣಿನ ನಕ್ಷೆ) ನೋಡಿದರೆ ನಮ್ಮ ಜಾಗಕ್ಕೆ 'ಶ್ಯಾಲೋ, ವೆಲ್ ಡ್ರೇನ್ಡ್' ಅಂತ ಬರೆದಿದ್ದಾರೆ. ನೀರು ಚೆನ್ನಾಗಿ ಬಸಿಯೋ ಮಣ್ಣಿನಲ್ಲಿ ಬೇರು ಕೊಳೆಯೋದು ಹೇಗೆ?

ನಮ್ಮಪ್ಪ ವಿಜಯಪುರದ ಕಡೆ ರೈತರು. ಫೋಟೋ ಕಳಿಸಿದ್ದೆ. "ಇದು ನಮ್ಮ ಮಡ್ಡಿ ಹೊಲದಾಗಿನ ಗರಸು ಇದ್ದಂಗ ಐತಿ, ಒಡದು ಹಾಕು" ಅಂದರು. ಒಡೆಯಬೇಕಾ? ಏನಾದರೂ ಹಾಕಿ ಕರಗಿಸಬಹುದಾ?

ಹಿತ್ತಲಗಿಡ:

ಜಿಪ್ಸಮ್ ಹಾಕಿ ನೋಡಿ ಸಾರ್. ಗಟ್ಟಿ ಮಣ್ಣು ಸಡಿಲ ಆಗುತ್ತೆ ಅಂತಾರೆ. ಇಲ್ಲಿ ಎಲ್ಲ ನರ್ಸರಿಯಲ್ಲೂ ಮೂಟೆ ಸಿಗುತ್ತೆ.

ಸೇಜ್‌ಸೀಮೆ:

ಜಿಪ್ಸಮ್‌ಗೆ ದುಡ್ಡು ಹಾಕೋ ಮೊದಲು ಸ್ವಲ್ಪ ತಡೀರಿ. ಅದು ಕೆಲಸ ಮಾಡೋದು ಸೋಡಿಯಂ ಜಾಸ್ತಿಯಾಗಿ ಜೇಡಿ ಅಂಟಿಕೊಂಡ ಮಣ್ಣಿನಲ್ಲಿ. ಕಲ್ಲಾಗಿ ಹೋದ ಪದರಕ್ಕೆ ಅದರಿಂದ ಏನೂ ಆಗಲ್ಲ.

ನಾನು ಟ್ವಿನ್ ಫಾಲ್ಸ್ ಕಡೆ ಇರುವವಳು, ನನ್ನ ಕೆಲಸವೇ ಈ ಮಣ್ಣಿನ ನಕ್ಷೆಗಳದ್ದು. ನಿಮ್ಮ ಪ್ರಶ್ನೆ ತುಂಬಾ ಜನಕ್ಕೆ ಬರುತ್ತೆ. ಅದಕ್ಕೆ ಬಿಡಿಸಿ ಹೇಳ್ತೀನಿ.

ಸರ್ವೆ ಸುಳ್ಳು ಹೇಳ್ತಿಲ್ಲ. ಅಲ್ಲಿರುವ ಡ್ರೇನೇಜ್ ದರ್ಜೆಯನ್ನು ಕೊಡೋದು ಸಹಜ ಸ್ಥಿತಿಗೆ ಮಾತ್ರ. ಆ ಮಣ್ಣು ಯಾವ ಹವೆಯಲ್ಲಿ ತಯಾರಾಯಿತೋ ಅದೇ ಹವೆಯಲ್ಲಿ, ಆಕಾಶದಿಂದ ಬೀಳುವ ನೀರಿಗೆ, ಅದು ವರ್ಷದಲ್ಲಿ ಎಷ್ಟು ಕಾಲ ತೊಯ್ದಿರುತ್ತೆ ಅಂತ ನೋಡ್ತಾರೆ. ಮನುಷ್ಯ ಕಾಲುವೆಯಿಂದ ಬಿಡೋ ನೀರು ಆ ಲೆಕ್ಕದಲ್ಲೇ ಇಲ್ಲ. ಬಾಯ್ಸಿ ಸುತ್ತ ವರ್ಷಕ್ಕೆ ಬೀಳೋದು 12 ಇಂಚಿನ ಆಸುಪಾಸು, ಅಂದರೆ ಸುಮಾರು 300 ಮಿ.ಮೀ., ನಿಮ್ಮ ವಿಜಯಪುರದ ಹೆಚ್ಚುಕಡಿಮೆ ಅರ್ಧ. ಅದೂ ಬಹುಪಾಲು ಚಳಿಗಾಲ, ವಸಂತದಲ್ಲಿ. ಅಷ್ಟು ನೀರನ್ನು ಮೇಲಿನ ಮಣ್ಣೇ ಹಿಡಿದಿಟ್ಟುಕೊಳ್ಳುತ್ತೆ, ಜೂನ್ ಹೊತ್ತಿಗೆ ಸೇಜ್‌ಬ್ರಷ್ಷು, ಹುಲ್ಲು ಎಲ್ಲಾ ಹೀರಿ ಒಣಗಿಸಿಬಿಡುತ್ತವೆ. ಹಾಗಾಗಿ ಕೆಳಗೆ ಬಂಡೆಯಂಥ ಪದರ ಇದ್ದರೂ ನೀರು ನಿಲ್ಲೋ ಪ್ರಶ್ನೆ ಬರಲ್ಲ, ದರ್ಜೆ ವೆಲ್ ಡ್ರೇನ್ಡ್ ಅಂತಲೇ ಸಿಗುತ್ತೆ. ನೀವು ನೀರು ಬಿಟ್ಟ ದಿನದಿಂದ ಆ ಹೆಸರು ನಿಮ್ಮ ತೋಟಕ್ಕೆ ಅನ್ವಯಿಸಲ್ಲ.

ನೀವು ನೋಡಬೇಕಾದ್ದು ಬೇರೆ ಎರಡು ಅಂಕಣ. ಒಂದು 'ಡೆಪ್ತ್ ಟು ರಿಸ್ಟ್ರಿಕ್ಟಿವ್ ಫೀಚರ್', ಅಂದರೆ ಬೇರು, ನೀರನ್ನ ತಡೆಯೋ ಪದರ ಎಷ್ಟು ಆಳದಲ್ಲಿದೆ ಅಂತ, ಇನ್ನೊಂದು ಅತಿ ಬಿಗಿ ಪದರದಲ್ಲಿ ನೀರು ಇಳಿಯೋ ವೇಗ, ಅದನ್ನ ಕೆಸ್ಯಾಟ್ ಅಂತ ಬರೆದಿರ್ತಾರೆ. ಮೊದಲನೆಯದರಲ್ಲಿ 10ರಿಂದ 20 ಇಂಚು ಇದ್ದರೆ ಅದನ್ನೇ ಅವರು ಶ್ಯಾಲೋ ಅನ್ನೋದು. ಅಲ್ಲೇ ಪಕ್ಕದಲ್ಲಿ 'ಡ್ಯೂರಿಪ್ಯಾನ್' ಅಂತ ಇದೆಯಾ ನೋಡಿ.

ಡ್ಯೂರಿಪ್ಯಾನ್ ಅಂದರೆ ಸಿಲಿಕಾದಿಂದ (ಮರಳು, ಗಾಜಿನಲ್ಲಿರೋ ಖನಿಜ) ಬೆಸೆದುಕೊಂಡ ಪದರ. ಸ್ನೇಕ್ ನದಿಯ ಈ ಬಯಲೆಲ್ಲ ಲಾವಾ, ಅದು ಆರಿ ಆದ ಕಪ್ಪು ಕಲ್ಲು ಬಸಾಲ್ಟ್. ಅದರ ಮೇಲೆ ಗಾಳಿ ತಂದು ಹಾಸಿದ ನುಣ್ಣನೆ ಮಣ್ಣು, ಮಧ್ಯೆ ಜ್ವಾಲಾಮುಖಿ ಬೂದಿ. ಒರೆಗಾನ್‌ನ ಮೌಂಟ್ ಮಝಾಮ ಸುಮಾರು 7,700 ವರ್ಷದ ಹಿಂದೆ ಸಿಡಿದಾಗ ಹಾರಿದ ಬೂದಿ ಈ ಸೀಮೆಯ ಎಷ್ಟೋ ಕಡೆ ಸಿಗುತ್ತೆ, ಅದಕ್ಕೂ ಹಳೇ ಬೂದಿಗಳು ಬೇಕಾದಷ್ಟಿವೆ. ಬೂದಿಯಲ್ಲಿರೋದು ಗಾಜು, ಅದು ಬೇಗ ಶಿಥಿಲವಾಗಿ ಸಿಲಿಕಾ ಬಿಡುತ್ತೆ. ಚಳಿಗಾಲದ ನೀರಿನ ಜೊತೆ ಅದು ಕೆಳಗಿಳಿಯುತ್ತೆ, ನೀರು ಎಲ್ಲಿವರೆಗೆ ತಲುಪಿತೋ ಅಲ್ಲೇ ಬೇಸಿಗೆಯಲ್ಲಿ ಒಣಗಿ ಕೂರುತ್ತೆ. ಸಾವಿರಾರು ವರ್ಷ ಇದೇ ನಡೆದಾಗ ಕಲ್ಲು ತಯಾರು.

ಅಪ್ಪ ಹೇಳಿದ್ದು ಅರ್ಧ ಸರಿ. ಎರಡೂ ಕಡೆ ತಳಕ್ಕೆ ಬಸಾಲ್ಟೇ. ಆದರೆ ಊರಿನ ಗರಸು ಬಸಾಲ್ಟ್ ಶಿಥಿಲವಾಗಿ ಪುಡಿಯಾಗಿದ್ದು, ಅದರಲ್ಲಿ ನೀರು ಇಳಿಯುತ್ತೆ, ಬೆಳ್ಳಗೆ ಕಾಣೋದು ಸುಣ್ಣ. ನಿಮ್ಮದು ಯಾವುದು ಅಂತ ಮನೆಯಲ್ಲೇ ನೋಡಬಹುದು. ಪದರದ ಎರಡು ಚೂರು ಒಡೆದು ತಂದು ಚೆನ್ನಾಗಿ ಒಣಗಿಸಿ. ಒಂದನ್ನ ರಾತ್ರಿಯಿಡೀ ನೀರಿನಲ್ಲಿಡಿ. ಕರಗಿ ಕೆಸರಾದರೆ ಅದು ಬರೀ ಗಟ್ಟಿಯಾದ ಮಣ್ಣು. ಇನ್ನೊಂದನ್ನ ನೀರು ಬೆರೆಸಿದ ಮ್ಯೂರಿಯಾಟಿಕ್ ಆ್ಯಸಿಡ್‌ನಲ್ಲಿಡಿ (ಅಂಗಡಿಯಲ್ಲಿ ಸಿಗೋ ಹೈಡ್ರೋಕ್ಲೋರಿಕ್ ಆ್ಯಸಿಡ್). ಬಯಲಲ್ಲಿ ಮಾಡಿ, ಕೈಗವಸು, ಕನ್ನಡಕ ಹಾಕಿಕೊಳ್ಳಿ, ಆ್ಯಸಿಡ್ಡನ್ನ ನೀರಿಗೆ ಹಾಕಬೇಕೇ ಹೊರತು ನೀರನ್ನ ಆ್ಯಸಿಡ್‌ಗಲ್ಲ. ನೊರೆ ಬಂದು ಉದುರಿ ಹೋದರೆ ಸುಣ್ಣದ ಪದರ. ನೊರೆ ನಿಂತ ಮೇಲೂ ಚೂರು ಗಟ್ಟಿಯಾಗೇ ಉಳಿದರೆ ಸಿಲಿಕಾ. ಫಲಿತಾಂಶ ಇಲ್ಲೇ ಹಾಕಿ.

ಇನ್ನೊಂದು ಕೆಲಸ, ಇದು ಮುಖ್ಯ. ಬೇರೆ ಬೇರೆ ಕಡೆ ಗುಂಡಿ ತೆಗೆದು ಪದರ ಎಷ್ಟು ದಪ್ಪ, ಅದರ ಕೆಳಗೆ ಏನಿದೆ ಅಂತ ನೋಡಿ. ಸರ್ವೆ ನಕ್ಷೆ ನಿಮ್ಮ ಐದು ಎಕರೆಯ ಒಳಗಿನ ಏರುಪೇರು ತೋರಿಸುವಷ್ಟು ಸೂಕ್ಷ್ಮ ಅಲ್ಲ. ಅಗೆಯೋ ಮೊದಲು 811ಕ್ಕೆ ಫೋನ್ ಮಾಡಿ ಪೈಪು, ಕೇಬಲ್ ಗುರುತು ಹಾಕಿಸಿಕೊಳ್ಳಿ, ಅದಕ್ಕೆ ದುಡ್ಡಿಲ್ಲ.

ಫ್ರೆಸ್ನೊವಾಸಿ:

ನಮ್ಮ ಕ್ಯಾಲಿಫೋರ್ನಿಯಾ ಕಣಿವೆಯಲ್ಲೂ ಇದೇ ಕಥೆ, ಜ್ವಾಲಾಮುಖಿ ನೆಲ ಅಲ್ಲ ಅಷ್ಟೇ. ಇಲ್ಲಿಯ ಸ್ಯಾನ್ ವಾಕೀನ್ ಮಣ್ಣು ರಾಜ್ಯದ ಅಧಿಕೃತ ಮಣ್ಣು, ಅದರಲ್ಲೂ ಡ್ಯೂರಿಪ್ಯಾನ್ ಇದೆ. ಹಳೇ ಕಾಲದ ರೈತರು ಡೈನಮೈಟ್ ಇಟ್ಟು ಒಡೆದು ಗಿಡ ನೆಡುತ್ತಿದ್ದರಂತೆ. ಫ್ರೆಸ್ನೊಗೆ ಬಂದರೆ ಫಾರೆಸ್ಟಿಯೆರೆಯ ನೆಲದಡಿಯ ತೋಟ ನೋಡಲೇಬೇಕು. ಬಾಲ್ದಸ್ಸಾರೆ ಫಾರೆಸ್ಟಿಯೆರೆ ಸಿಸಿಲಿಯಿಂದ ಬಂದವರು, ಕಿತ್ತಳೆ ಬೆಳೆಯೋಣ ಅಂತ ಕೊಂಡ ಜಾಗದಲ್ಲಿ ಈ ಗಟ್ಟಿ ಪದರ ಸಿಕ್ಕಿತು. 1906ರಿಂದ 1946ರಲ್ಲಿ ತೀರಿಕೊಳ್ಳೋ ತನಕ ಕೈಯಲ್ಲೇ ಪದರದ ಕೆಳಗೆ ಕೋಣೆ ಕೋಣೆ ಅಗೆದು ಅಲ್ಲೇ ಮರ ಬೆಳೆಸಿದರು. ಈಗಲೂ ಅಲ್ಲಿ ಹಣ್ಣಿನ ಮರಗಳಿವೆ. ಅಂಥ ಪದರದ ಬಲ ಎಷ್ಟು ಅಂತ ಅಲ್ಲಿ ನಿಂತರೆ ಗೊತ್ತಾಗುತ್ತೆ, ತಲೆ ಮೇಲಿನ ಸೂರೇ ಅದು.

ಕ್ಯೂನಾತೋಟ:

ತುಂಬಾ ಥ್ಯಾಂಕ್ಸ್ ಮೇಡಂ. ಎರಡೂ ಪರೀಕ್ಷೆ ಆಯಿತು. ನೀರಿನ ಚೂರು ಹಾಗೇ ಇದೆ. ಆ್ಯಸಿಡ್‌ನಲ್ಲಿ ಮೊದಲು ಜೋರಾಗಿ ನೊರೆ ಬಂತು, ಮೇಲಿನ ಬಿಳುಪೆಲ್ಲ ಹೋಯಿತು. ಆಮೇಲೆ ಒಳಗಿನ ಕಂದು ಭಾಗ ಉಳೀತು, ಸುತ್ತಿಗೆಯಲ್ಲಿ ಹೊಡೆದರೂ ಪುಡಿಯಾಗಲಿಲ್ಲ. ಒಡೆದ ಅಂಚಿನಲ್ಲಿ ತೆಳು ತೆಳು ಪದರ ಕಾಣುತ್ತೆ, ಮೇಲ್ಮೈ ನಯವಾಗಿ ಹೊಳೆಯುತ್ತೆ. ಅದರ ಮೇಲೆ ಹಳೇ ಸೇಜ್‌ಬ್ರಷ್ ಬೇರುಗಳು ಚಾಪೆ ಹೆಣೆದ ಹಾಗೆ ಅಡ್ಡಡ್ಡ ಹರಡಿವೆ, ಬಿರುಕು ಸಿಕ್ಕ ಕಡೆ ಮಾತ್ರ ಒಂದೆರಡು ಕೆಳಗೆ ಹೋಗಿವೆ.

ತೋಟದ ಪೂರ್ವದ ಕಡೆ ಪದರ 6 ಇಂಚು ದಪ್ಪ, ಕೆಳಗೆ ಮರಳು ಮಿಶ್ರ ಜಲ್ಲಿ. ಪಶ್ಚಿಮದ ಕಡೆ ಪದರದ ಕೆಳಗೆ ಸೀದಾ ಕಪ್ಪು ಬಂಡೆ. ಹಿಂದಿನ ನಾಲ್ಕು ಎಕರೆಯಲ್ಲೂ ಹೀಗೇ ಮಿಶ್ರ. ದೊಡ್ಡ ಡೋಜರ್ ತಂದು ಎಲ್ಲಾ ಸೀಳಿಸಿಬಿಡಲಾ?

ಸೇಜ್‌ಸೀಮೆ:

ಹಾಗಾದರೆ ಅನುಮಾನ ಬೇಡ, ಡ್ಯೂರಿಪ್ಯಾನೇ. ಆ ಹೊಳಪು ಓಪಲ್, ಸಿಲಿಕಾದ್ದೇ ಒಂದು ರೂಪ.

ಎಲ್ಲಾ ಸೀಳಿಸಬೇಡಿ, ದಯವಿಟ್ಟು. ಪೂರ್ವದ ಕಡೆ ಮಾತ್ರ ಒಡೆಯೋದರಲ್ಲಿ ಅರ್ಥ ಇದೆ, ಕೆಳಗೆ ಜಲ್ಲಿ ಇರೋದರಿಂದ ನೀರಿಗೆ ಹೋಗೋಕೆ ದಾರಿ ಸಿಗುತ್ತೆ. ಅಷ್ಟು ಗಿಡಕ್ಕೆ ಡೋಜರ್ ಕೂಡ ಬೇಕಿಲ್ಲ. ಪ್ರತಿ ಗಿಡದ ಜಾಗದಲ್ಲಿ ಪದರ ತೂತಾಗಿ ಜಲ್ಲಿ ಮುಟ್ಟೋ ತನಕ ಯಂತ್ರದ ಅಗರ್‌ನಲ್ಲೋ (ಗುಂಡಿ ಕೊರೆಯೋ ಬೈರಿಗೆ) ಜ್ಯಾಕ್‌ಹ್ಯಾಮರ್‌ನಲ್ಲೋ ಕೊರೆಸಿ, ಆದಷ್ಟು ಅಗಲಕ್ಕೆ. ಬೇಸಿಗೆ ಕೊನೆಗೆ, ಪೂರ್ತಿ ಒಣಗಿದಾಗ ಮಾಡಿಸಿ. ಒಣಗಿದ್ದರೆ ಪದರ ಬಿರುಕು ಬಿಟ್ಟು ಒಡೆಯುತ್ತೆ, ಒದ್ದೆಯಿದ್ದರೆ ಮೇಲಿನ ಮಣ್ಣು ತುಳಿದು ಇನ್ನಷ್ಟು ಬಿಗಿಯಾಗುತ್ತೆ. ಒಡೆದ ಮೇಲೆ ಗುಂಡಿಗೆ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೆ ತುಂಬಿಸಿ ನೋಡಿ. ಎರಡನೇ ಸಲ ಗಂಟೆಗೆ ಒಂದು ಇಂಚಾದರೂ ಇಳೀಬೇಕು. ಇಳಿಯದಿದ್ದರೆ ತೂತು ಸಾಲದು ಅಂತ. ತುಂಬೋಕೆ ಅದೇ ಮಣ್ಣು ಸಾಕು, ಬರೀ ಕಾಂಪೋಸ್ಟ್ ತುಂಬಬೇಡಿ, ಅದು ಕುಸಿದು ಗಿಡ ತಗ್ಗಿಗೆ ಇಳಿಯುತ್ತೆ. ಹೆದರಬೇಡಿ, ಒಮ್ಮೆ ಒಡೆದ ಪದರ ನಮ್ಮ ಜೀವಮಾನದಲ್ಲಿ ಮತ್ತೆ ಬೆಸೆಯಲ್ಲ.

ಪಶ್ಚಿಮದ ಕಡೆ ಒಡೆದರೆ ಬಂಡೆಯ ಮೇಲೆ ನೀರಿನ ಬಟ್ಟಲು ಮಾಡಿದ ಹಾಗೆ. ಅಲ್ಲಿ ಹಣ್ಣಿನ ಗಿಡ ಬೇಕೇ ಬೇಕು ಅಂದರೆ ಎರಡು ಅಡಿ ಎತ್ತರದ ಏರಿ ಹಾಕಿ ಅದರ ಮೇಲೆ ನೆಡಿ. ನಾನಾಗಿದ್ದರೆ ಅಲ್ಲಿ ತರಕಾರಿ ಮಡಿ ಹಾಕಿಕೊಳ್ತಿದ್ದೆ.

ಇನ್ನು ನೀರು. ನಿಮ್ಮ ಸಮಸ್ಯೆಯ ಮುಕ್ಕಾಲು ಪಾಲು ಇಲ್ಲೇ ಇದೆ ಅಂತ ನನ್ನ ಅನಿಸಿಕೆ. ಈ ಥರದ ನುಣ್ಣನೆ ಮಣ್ಣು ಒಂದು ಅಡಿ ಆಳಕ್ಕೆ ಗಿಡಕ್ಕೆ ಸಿಗುವಂಥ ನೀರು ಸುಮಾರು 2 ಇಂಚು ಹಿಡಿಯುತ್ತೆ. ನಿಮ್ಮ 14 ಇಂಚಿಗೆ ಎರಡೂಕಾಲು, ಎರಡೂವರೆ ಇಂಚು, ಅಷ್ಟೇ. ಕಾಲುವೆ ನೀರು ಹಾಯಿಸಿದರೆ ಒಂದೇ ಸಲಕ್ಕೆ 4 ಇಂಚು ಬಂದು ಕೂರುತ್ತೆ. ಮಿಕ್ಕಿದ್ದು ಹೋಗೋದೆಲ್ಲಿಗೆ? ಪದರದ ಮೇಲೆ, ಬೇರಿನ ಬುಡಕ್ಕೆ. ಜುಲೈನಲ್ಲಿ ಬೆಳೆ ದಿನಕ್ಕೆ ಕಾಲು ಇಂಚಿನ ಮೇಲೆ ಹೀರುತ್ತೆ. ಹಾಗಾಗಿ ಡ್ರಿಪ್ ಅಥವಾ ಸ್ಪ್ರಿಂಕ್ಲರ್ ಇಟ್ಟುಕೊಂಡು ನಾಲ್ಕು ದಿನಕ್ಕೊಮ್ಮೆ ಒಂದು ಇಂಚು ಕೊಡಿ. ಆಳವಾದ ಮಣ್ಣಿಗೆ ಹೇಳೋ 'ಅಪರೂಪಕ್ಕೆ, ಜಾಸ್ತಿ' ಅನ್ನೋ ಸಲಹೆ ಇಲ್ಲಿ ಗಿಡ ಕೊಲ್ಲುತ್ತೆ. ಎಲೆ ಹಳದಿಯಾಗೋದು ಕಬ್ಬಿಣ ಸಿಗದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಮೊದಲೇ ಸಿಗೋದು ಕಷ್ಟ, ನೀರು ನಿಂತರೆ ಇನ್ನೂ ಕಷ್ಟ. ಮೊದಲು ನೀರು ಸರಿ ಮಾಡಿ, ಆಮೇಲೂ ಹಳದಿ ಇದ್ದರೆ ಮಾತ್ರ ಔಷಧಿ ಯೋಚಿಸಿ.

ಹಿಂದಿನ ನಾಲ್ಕು ಎಕರೆಗೆ ನೇಗಿಲು, ರಿಪ್ಪರ್ (ನೆಲ ಆಳವಾಗಿ ಸೀಳೋ ಕೊಕ್ಕೆ) ಯಾವುದೂ ಬೇಡ. ಇದು ನಾನು ಕಳಕಳಿಯಿಂದ ಕೇಳಿಕೊಳ್ಳೋದು. ಆ ತೆಳು ಮಣ್ಣನ್ನ ಕೆದಕಿದರೆ ಮೊದಲು ಬರೋದು ಚೀಟ್‌ಗ್ರಾಸ್. ಅದು ಬೇಸಿಗೆ ಶುರುವಿಗೇ ಒಣಗಿ ಬೆಂಕಿಗೆ ಮೇವಾಗುತ್ತೆ, ಬೆಂಕಿಗೆ ಸೇಜ್‌ಬ್ರಷ್ ಸುಟ್ಟು ಹೋಗುತ್ತೆ, ಸುಟ್ಟ ಬುಡದಿಂದ ಅದು ಮತ್ತೆ ಚಿಗುರಲ್ಲ. ನಿಮ್ಮ ದಕ್ಷಿಣಕ್ಕಿರುವ ಹದ್ದು, ಗಿಡುಗಗಳ ಸಂರಕ್ಷಿತ ಬಯಲಿನಲ್ಲಿ ಎಷ್ಟೋ ಜಾಗ ಹೀಗೇ ಹೋಗಿದೆ. ಉಳಿದಿರೋ ಸೇಜ್‌ಬ್ರಷ್ ಮುಟ್ಟಬೇಡಿ. ಖಾಲಿ ಜಾಗದಲ್ಲಿ ಮೊದಲು ಚೀಟ್‌ಗ್ರಾಸ್ ಹತೋಟಿಗೆ ತಂದು, ಅಕ್ಟೋಬರ್ ಕೊನೆ, ನವೆಂಬರ್‌ನಲ್ಲಿ ಬ್ಲೂಬಂಚ್ ವೀಟ್‌ಗ್ರಾಸ್, ಸ್ಯಾಂಡ್‌ಬರ್ಗ್ ಬ್ಲೂಗ್ರಾಸ್, ಸ್ಕ್ವಿರಲ್‌ಟೇಲ್ ಬೀಜ ಅರ್ಧ ಇಂಚಿಗಿಂತ ಆಳ ಹೋಗದ ಹಾಗೆ ಬಿತ್ತಿ. ಇವು ಇಂಥ ತೆಳು ಮಣ್ಣಿನಲ್ಲೇ ಬದುಕೋದು ಕಲಿತ ಇಲ್ಲಿಯ ಹುಲ್ಲುಗಳು, ಇವಕ್ಕೆ ನೀವು ನೀರು ಬಿಡಬೇಕಿಲ್ಲ.

ಕ್ಯೂನಾತೋಟ:

ಎಲ್ಲಾ ಅರ್ಥ ಆಯಿತು ಮೇಡಂ. ನಾಳೆಯಿಂದಲೇ ಹಾಯಿ ನೀರು ನಿಲ್ಲಿಸ್ತೀನಿ. ಪೂರ್ವದ ಗಿಡಗಳನ್ನ ಈಗಲೇ ಕಿತ್ತು ಕೊರೆಸಲಾ? ಮತ್ತೆ ಹುಲ್ಲು ಬಿತ್ತಿದ ಮೇಲೆ ಆಡು ಬಿಡೋದು ಯಾವಾಗ?

ಸೇಜ್‌ಸೀಮೆ:

ಎಲೆ ಇರುವಾಗ ಕೀಳಬೇಡಿ. ಈ ಬೇಸಿಗೆ ಕೊನೆಗೆ ಸಾಲಿನ ಪಕ್ಕದಲ್ಲಿ ಹೊಸ ಗುಂಡಿ ಕೊರೆಸಿಟ್ಟು, ಚಳಿಗಾಲ ಮುಗಿದು ಚಿಗುರೋ ಮುಂಚೆ ಗಿಡ ಅಲ್ಲಿಗೆ ಬದಲಾಯಿಸಿ. ಆಡು ಎರಡು ಬೆಳೆಗಾಲ ಕಳೆಯೋ ತನಕ ಬೇಡ. ಹುಲ್ಲಿನ ಬುಡ ಹಿಡಿದು ಮೆಲ್ಲಗೆ ಎಳೆದು ನೋಡಿ, ಬೇರು ಸಮೇತ ಕಿತ್ತು ಬಂದರೆ ಇನ್ನೂ ಕಾಯಿರಿ.